ತಡವಾಗಿ ತಿರುಗಿದ ರಸ್ತೆ

"ಮಾಸ್ತರರೇ, ಗೇಮ್ ಆಡುವಾಗ ವಿ-ಸಿಂಕ್ ಎಂಬ ಸೆಟ್ಟಿಂಗ್ ಹಾಕಿದರೆ ಪರದೆಯ ಮೇಲೆ ಚಿತ್ರ ಹರಿದು ತುಂಡಾಗುವುದಿಲ್ಲ, ಆದರೆ ಕೈ ತಡವಾಗುತ್ತದೆ ಅನ್ನುತ್ತಾರೆ. ತೆಗೆದರೆ ಕೈ ಚುರುಕಾಗುತ್ತದೆ, ಆದರೆ ಚಿತ್ರ ಹರಿದುಹೋಗುತ್ತದೆ ಅನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ? ಒಂದನ್ನು ಹೇಳಿಬಿಡಿ. ಎಲ್ಲ ಯಂತ್ರಗಳಿಗೂ ಅದನ್ನೇ ಹಾಕಿ ನಿಶ್ಚಿಂತನಾಗುತ್ತೇನೆ."

ಹೀಗೆ ಕೇಳಿದವನು ಧರಣೇಂದ್ರ. ಹುಬ್ಬಳ್ಳಿಯ ಚನ್ನವೀರ ಮಾಸ್ತರರ ಬಳಿ ಕಂಪ್ಯೂಟರ್ ಜೋಡಿಸುವುದನ್ನು ಕಲಿತವನು. ಈಚೆಗೆ ತನ್ನದೇ ಒಂದು ಗೇಮಿಂಗ್ ಸೆಂಟರ್ ತೆರೆದಿದ್ದ. ಆಡಲು ಬಂದವರಲ್ಲಿ ಒಬ್ಬರು ಕಣ್ಣು ಉರಿಯುತ್ತದೆ ಅಂದರೆ ಇನ್ನೊಬ್ಬರು ಗುರಿ ತಪ್ಪುತ್ತಿದೆ ಅನ್ನುತ್ತಿದ್ದರು. ಅವರಿಗೆ ಆಡಲು ಬರುವುದಿಲ್ಲ ಎಂದು ಅವನು ತೀರ್ಮಾನಿಸಿದ್ದ. ಆದರೂ ಮನಸ್ಸಿಗೆ ಸಮಾಧಾನವಿಲ್ಲದೆ ಗುರುವಿನ ಬಳಿ ಬಂದಿದ್ದ.

ಮಾಸ್ತರರು ಒಂದು ಹಳೆಯ ಫ್ಯಾನಿನ ದೂಳನ್ನು ಬ್ರಷ್‌ನಿಂದ ತೆಗೆಯುತ್ತಿದ್ದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ರೂಢಿ ಅವರಿಗಿರಲಿಲ್ಲ. ಬ್ರಷ್ ಕೆಳಗಿಟ್ಟು, ಎದುರಿನ ಸ್ಟೂಲು ತೋರಿಸಿ ಅಂದರು:

"ಕೂತುಕೋ. ಒಬ್ಬ ಲಾರಿ ಚಾಲಕನ ಸಂಗತಿ ಹೇಳುತ್ತೇನೆ."

ರಾಣೆಬೆನ್ನೂರಿನಲ್ಲಿ ಫಕೀರಪ್ಪ ಎಂಬ ಲಾರಿ ಚಾಲಕನಿದ್ದ. ಬೀಜದ ಚೀಲ, ಹತ್ತಿ, ಮೆಣಸಿನಕಾಯಿ, ಏನು ಹೇರಿದರೂ ಘಟ್ಟ ಇಳಿಸಿ ಕರಾವಳಿಗೆ ಮುಟ್ಟಿಸುತ್ತಿದ್ದ. ಘಟ್ಟದ ತಿರುವುಗಳಲ್ಲಿ ಅವನ ಗಾಡಿಯ ಹಿಂದೆ ಬರುವ ಚಾಲಕರು ಅವನ ಹಿಂದಿನ ದೀಪವನ್ನೇ ನೋಡಿಕೊಂಡು ನಿಶ್ಚಿಂತೆಯಿಂದ ಇಳಿಯುತ್ತಿದ್ದರು. ಮನೆಯಲ್ಲಿ ಅವನದು ಮಾತು ಕಡಿಮೆ. ಹೇಳಬೇಕಾದ್ದನ್ನು ಹೆಂಡತಿ ಕಸ್ತೂರವ್ವನಿಗೆ ಹೇಳುತ್ತಿದ್ದ, ಅವಳು ಮಗಳು ನೀಲಾಂಬಿಕೆಗೆ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವನ ಕೈಯಿಂದ ಚಹಾದ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಲಕ್ವ ಹೊಡೆದಿತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕೆಲವು ವಾರಗಳಲ್ಲಿ ಮಾತು ಮರಳಿತು. ಕೋಲು ಹಿಡಿದು ನಡೆಯಲೂ ಬಂತು. ಬಲಗೈ ಮಾತ್ರ ಹಿಂದೆ ಉಳಿಯಿತು. ಬೆರಳು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ವೈದ್ಯರು ನೀಲಾಳನ್ನು ಪಕ್ಕಕ್ಕೆ ಕರೆದು ಹೇಳಿದರು: "ಈ ಕೈಗೆ ದಿನಾ ಕೆಲಸ ಕೊಡಬೇಕಮ್ಮ. ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡು ಕೂತರೆ ಅದು ಅಲ್ಲೇ ಕೂತುಬಿಡುತ್ತದೆ. ಈ ಕೆಲವು ತಿಂಗಳು ಬಹಳ ಮುಖ್ಯ."

ಆಸ್ಪತ್ರೆಯವರು ಹಿಸುಕಲು ಒಂದು ಸ್ಪಂಜಿನ ಚೆಂಡು ಕೊಟ್ಟರು. ಬಟ್ಟಲಿನಿಂದ ಬಟ್ಟಲಿಗೆ ಕಡಲೆಕಾಳು ಹಾಕುವುದನ್ನು ಕಲಿಸಿದರು. ಫಕೀರಪ್ಪನಿಗೆ ಅದು ಸೇರಲಿಲ್ಲ. ಎರಡು ದಿನ ಮಾಡಿ ಮೂರನೆಯ ದಿನ ಬಟ್ಟಲನ್ನು ದೂರ ಸರಿಸಿದ.

"ನಾ ಏನ ಕೂಸೇನು?" ಅಂದ.

ನೀಲಾ ಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ಮಾಡುತ್ತಿದ್ದಳು. ಅವಳ ಕಣ್ಣು ಬಹಳ ಸೂಕ್ಷ್ಮ. ಮದುಮಗಳ ಸೀರೆಯ ಅಂಚು ಎಲ್ಲಿ ಬಣ್ಣ ಕೆಟ್ಟಿದೆ, ಯಾವ ನೆಂಟರ ಮುಖ ತುಸು ಮಸುಕಾಗಿದೆ ಎಂಬುದನ್ನು ಬೇರೆಯವರು ಕಾಣುವ ಮೊದಲೇ ಹಿಡಿಯುತ್ತಿದ್ದಳು. ಮದುವೆಯ ವಿಡಿಯೋ ಕೆಲಸಕ್ಕೆಂದು ಮನೆಯಲ್ಲೂ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಸಾಧಾರಣವಾದರೂ ಅದರಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು.

ಕಡಲೆಕಾಳಿನ ಬಟ್ಟಲು ಮೂಲೆ ಸೇರಿದ ದಿನ ಅವಳಿಗೆ ಒಂದು ಯೋಚನೆ ಬಂತು. ಅಪ್ಪನ ಕೈಗೆ ಗೊತ್ತಿರುವುದು ಒಂದೇ ಕೆಲಸ. ಅದನ್ನೇ ಕೊಟ್ಟರೇನು? ಲಾರಿ ಓಡಿಸುವ ಒಂದು ಆಟವನ್ನು ಕಂಪ್ಯೂಟರಿಗೆ ಹಾಕಿದಳು. ಆಟ ಬಿಟ್ಟಿದ್ದ ಗೆಳತಿಯೊಬ್ಬಳ ಮನೆಯಿಂದ ಕಂಪ್ಯೂಟರಿಗೆ ಜೋಡಿಸುವ ಸ್ಟೇರಿಂಗ್ ತಂದು ಮೇಜಿಗೆ ಬಿಗಿದಳು. ವೈದ್ಯರನ್ನು ಕೇಳಿದಳು. ಅವರು ನಕ್ಕು, "ಮಾಡಿಸಿ ನೋಡಿ, ಆಯಾಸ ಆಗದ ಹಾಗೆ ನೋಡಿಕೊಳ್ಳಿ" ಅಂದರು.

ಫಕೀರಪ್ಪ ಮೊದಲು ಮುಖ ತಿರುಗಿಸಿದ. ಆಮೇಲೆ ಓರೆಗಣ್ಣಿನಿಂದ ಪರದೆ ನೋಡಿದ. ಪರದೆಯ ಮೇಲೆ ಒಂದು ಲಾರಿಯ ಮುಂಭಾಗ, ಅದರಾಚೆ ಖಾಲಿ ರಸ್ತೆ. ನಿಧಾನವಾಗಿ ಕುರ್ಚಿಗೆ ಬಂದು ಕೂತ. ಎಡಗೈಯಿಂದ ಬಲಗೈಯನ್ನು ಎತ್ತಿ ಸ್ಟೇರಿಂಗ್ ಮೇಲೆ ಇಟ್ಟುಕೊಂಡ.

"ಹಾರ್ನ್ ಎಲ್ಲೈತಿ?" ಅಂದ.

ಕಸ್ತೂರವ್ವ ಅಡುಗೆ ಮನೆಯಿಂದ ಓಡಿಬಂದಳು. ಲಕ್ವ ಹೊಡೆದ ಮೇಲೆ ಗಂಡ ಆಸೆಯಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಂದು ಅವನು ಹಾರ್ನ್ ಹೊಡೆದು ಹೊಡೆದು ಓಣಿಯ ನಾಯಿಗಳನ್ನೆಲ್ಲ ಎಬ್ಬಿಸಿದ.

ಆದರೆ ಒಂದು ತೊಂದರೆ ಇತ್ತು. ಲಾರಿ ನೆಟ್ಟಗೆ ಹೋಗುವಾಗ ಎಲ್ಲ ಸರಿ. ತಿರುವು ಬಂತೆಂದರೆ ಚಿತ್ರ ನಡುವೆ ಹರಿಯುತ್ತಿತ್ತು. ಮರದ ಮೇಲರ್ಧ ಒಂದು ಕಡೆ, ಕೆಳಗಿನರ್ಧ ಇನ್ನೊಂದು ಕಡೆ. ಕುಡುಗೋಲಿನಿಂದ ಕತ್ತರಿಸಿ ಜರುಗಿಸಿಟ್ಟ ಹಾಗೆ. ಮರುಕ್ಷಣ ಕೂಡಿಕೊಳ್ಳುತ್ತಿತ್ತು, ಮತ್ತೆ ಹರಿಯುತ್ತಿತ್ತು. ಫಕೀರಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ತಿರುಗಿ ಹಾಸಿಗೆಗೆ ಹೋಗುತ್ತಿದ್ದ.

ಅಪ್ಪನಿಗಿಂತ ಹೆಚ್ಚಾಗಿ ಅದನ್ನು ಸಹಿಸಲಾಗದಿದ್ದದ್ದು ನೀಲಾಳಿಗೆ. ಚಿತ್ರ ಕೆಡುವುದನ್ನು ನೋಡಿಕೊಂಡು ಸುಮ್ಮನಿರುವವಳಲ್ಲ ಅವಳು. ಸೆಟ್ಟಿಂಗ್ ಹುಡುಕಿದಳು. ವಿ-ಸಿಂಕ್ ಎಂಬ ಆಯ್ಕೆ ಕಂಡಿತು. ಅದನ್ನು ಆನ್ ಮಾಡಿದಳು. ಮರಗಳು ಕೂಡಿಕೊಂಡವು. ರಸ್ತೆ ರೇಷ್ಮೆಯ ಹಾಗೆ ನುಣುಪಾಗಿ ಸಾಗಿತು. ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ಅವ್ವನನ್ನು ಕರೆದು ತೋರಿಸಿದಳು. ಅದೇ ಹುರುಪಿನಲ್ಲಿ ಎಲೆಗಳ ನೆರಳು, ದೂರದ ಮಂಜು, ನೀರಿನ ಹೊಳಪು, ಎಲ್ಲವನ್ನೂ ಮೇಲಿನ ಮಟ್ಟಕ್ಕೆ ಏರಿಸಿದಳು.

"ಅಪ್ಪಾ, ಈಗ ಎಷ್ಟ ಚಂದ ಆಗೇತಿ ನೋಡು" ಅಂದಳು.

"ಹೂಂ, ಚಂದ ಆಗೇತಿ" ಅಂದ ಫಕೀರಪ್ಪ.

ಅವನ ಕಣ್ಣು ಉರಿಯುವುದು ನಿಂತಿತು. ತಲೆ ತಿರುಗುವುದೂ ನಿಂತಿತು. ಆದರೆ ಲಾರಿ ತಡೆಗೋಡೆಗೆ ಬಡಿಯತೊಡಗಿತು.

ಬಯಲಿನಲ್ಲಿ ಹೇಗೋ ಹೋಗುತ್ತಿತ್ತು. ಘಟ್ಟದ ದಾರಿಗೆ ಬಂದರೆ ಸಾಕು, ಮೊದಲ ತಿರುವಿನಲ್ಲೇ ಗೋಡೆಗೆ ತಾಗುತ್ತಿತ್ತು. ಅವನು ಸ್ಟೇರಿಂಗ್ ತಿರುಗಿಸುತ್ತಿದ್ದ. ಗಾಡಿ ತಿರುಗಲಿಲ್ಲವೆಂದು ಇನ್ನಷ್ಟು ತಿರುಗಿಸುತ್ತಿದ್ದ. ಆಗ ಅದು ಬೇಕಾದ್ದಕ್ಕಿಂತ ಹೆಚ್ಚು ತಿರುಗಿ ಆಚೆ ಬದಿಯ ಕಂದಕಕ್ಕೆ ಇಳಿಯುತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ನೀಲಾ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದಳು:

"ಸ್ವಲ್ಪ ಮೊದಲ ತಿರುಗಿಸು ಅಪ್ಪಾ."

ಅರ್ಧ ಆಯುಷ್ಯ ಘಟ್ಟದಲ್ಲಿ ಗಾಡಿ ಇಳಿಸಿದವನಿಗೆ ಆ ಮಾತು ಎಲ್ಲಿ ಹೋಗಿ ತಾಗಿತೋ ಅವಳಿಗೆ ಗೊತ್ತಾಗಲಿಲ್ಲ. ಅವನು ತಿರುಗಿ ನೋಡಲಿಲ್ಲ. ಅಂದು ಇನ್ನೆರಡು ಸಲ ಪ್ರಯತ್ನಿಸಿದ. ಎರಡು ಸಲವೂ ಕಂದಕ. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗಿಟ್ಟುಕೊಂಡು, ಅದನ್ನೇ ನೋಡುತ್ತಾ ಅಂದ:

"ಮೊದಲ ಬರೇ ಸೋತಿತ್ತು. ಈಗ ತಡಾನೂ ಮಾಡಾಕ ಹತ್ತೈತಿ."

ಮರುದಿನದಿಂದ ಅವನು ಕುರ್ಚಿಗೆ ಬರಲಿಲ್ಲ. ಸ್ಟೇರಿಂಗ್ ಮೇಲೆ ಒಂದು ಟವೆಲ್ ಹೊದಿಸಿದ. ಆಸ್ಪತ್ರೆಯ ವ್ಯಾಯಾಮಕ್ಕೂ ಹೋಗುವುದಿಲ್ಲವೆಂದ. ಯಾಕೆಂಬುದು ಗೊತ್ತಿದ್ದದ್ದು ಕಸ್ತೂರವ್ವನಿಗೆ. ಅವಳು ಮಗಳನ್ನು ಹಿತ್ತಲಿಗೆ ಕರೆದು ಹೇಳಿದಳು:

"ಇನ್ನೊಮ್ಮೆ ಲಕ್ವ ಬರಾಕ ಹತ್ತೈತಿ ಅಂತ ತಿಳ್ಕೊಂಡಾರ. ಕೈ ಮಾತ ಕೇಳೂದಕ್ಕ ತಡ ಆಗತೈತಂತ. ಹೊದಿಕಿ ಒಳಗ ಬೆರಳ ಮಡಚಿ ಮಡಚಿ ನೋಡತಾರ, ನಾ ಮಲಗೀನಿ ಅಂದ್ಕೊಂಡು."

 ನೀಲಾ ಹೇಗೋ ಒಪ್ಪಿಸಿ ಅಪ್ಪನನ್ನು ವೈದ್ಯರ ಬಳಿ ಕರೆದುಕೊಂಡು ಹೋದಳು. ಅವರು ಕೈ ಹಿಡಿದು, ಬೆರಳು ಒತ್ತಿ, ಎಲ್ಲ ರೀತಿಯಲ್ಲೂ ನೋಡಿದರು. ಹಿಂದಿನ ಸಲಕ್ಕಿಂತ ಹಿಡಿತ ಎಷ್ಟೋ ಗಟ್ಟಿಯಾಗಿದೆ ಅಂದರು. ಫಕೀರಪ್ಪ ತಲೆಯಾಡಿಸಿದ. ಹೊರಗೆ ಬಂದ ಮೇಲೆ, "ಡಾಕ್ಟರ್ರು ಹಂಗ ಹೇಳಬೇಕಾಗತೈತಿ" ಅಂದ. ಅಷ್ಟೇ. ವೈದ್ಯರ ಮಾತಿಗಿಂತ ಅವನಿಗೆ ತಡೆಗೋಡೆಯ ಮಾತು ಹೆಚ್ಚು ನಿಜವಾಗಿತ್ತು.

ಕೆಲವು ದಿನ ಹೀಗೇ ಕಳೆಯಿತು. ಅವನು ಅಂಗಳದಲ್ಲಿ ಕೂತಿರುತ್ತಿದ್ದ. ಬಲಗೈ ಮಡಿಲಲ್ಲಿರುತ್ತಿತ್ತು. ವೈದ್ಯರು ಹೇಳಿದ ಆ ಮುಖ್ಯ ತಿಂಗಳುಗಳು ಸುಮ್ಮನೆ ಜಾರುತ್ತಿದ್ದವು. ನೀಲಾ ಸ್ಟುಡಿಯೋದಿಂದ ಬಂದು ಟವೆಲ್ ಹೊದ್ದ ಸ್ಟೇರಿಂಗನ್ನು ಕಾಣುವಾಗೆಲ್ಲ ಅವಳಿಗೆ ತಾನು ಮಾಡಿದ್ದು ತಪ್ಪಾಯಿತು ಅನ್ನಿಸುತ್ತಿತ್ತು. ಗಾಯದ ಮೇಲೆಯೇ ಕೈಯಿಟ್ಟೆನಲ್ಲ ಎಂದು ಕೊರಗಿದಳು. ಕೊನೆಗೆ ಅದನ್ನು ಬಿಚ್ಚಿ ಗೆಳತಿಗೆ ಮರಳಿಸುವುದೇ ಒಳ್ಳೆಯದೆಂದು ನಿಶ್ಚಯಿಸಿದಳು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಅವ್ವ ಇಬ್ಬರೂ ಪಕ್ಕದ ಓಣಿಯ ನೆಂಟರ ಮನೆಗೆ ಹೋಗಿದ್ದರು. ನೀಲಾ ಟವೆಲ್ ತೆಗೆದಳು. ಮೇಜಿನ ಕೆಳಗಿನ ತಿರುಪು ಬಿಚ್ಚಲು ಬಗ್ಗಬೇಕಿತ್ತು. ಬಗ್ಗುವುದಕ್ಕೆಂದು ಕುರ್ಚಿಯ ಮೇಲೆ ಕೂತಳು. ಅಷ್ಟು ದಿನ ಅವಳು ಅಪ್ಪನ ಹಿಂದೆ ನಿಂತೇ ನೋಡಿದ್ದಳು. ಸ್ಟೇರಿಂಗ್ ಅವಳ ಎದೆಗೆ ಎದುರಾಗಿ ಬಂತು. ಬಿಚ್ಚುವ ಮೊದಲು ಒಮ್ಮೆ ಓಡಿಸಿ ನೋಡೋಣ ಅನ್ನಿಸಿತು. ಕಂಪ್ಯೂಟರ್ ಹಚ್ಚಿದಳು.

ಬಯಲು ದಾಟಿ ಘಟ್ಟ ಹತ್ತಿದಳು. ಮೊದಲ ತಿರುವು ಬಂತು. ಸ್ಟೇರಿಂಗ್ ತಿರುಗಿಸಿದಳು.

ರಸ್ತೆ ತಿರುಗಲಿಲ್ಲ.

ಇನ್ನಷ್ಟು ತಿರುಗಿಸಿದಳು. ಆಗ ರಸ್ತೆ ಒಮ್ಮೆಲೇ ತಿರುಗಿತು. ಲಾರಿ ಕಂದಕಕ್ಕೆ ಇಳಿಯಿತು.

ಮತ್ತೆ ಓಡಿಸಿದಳು. ಮತ್ತೆ ಕಂದಕ. ಈ ಸಲ ದಾರಿಯ ಗೊಡವೆ ಬಿಟ್ಟು ತನ್ನ ಕೈಯನ್ನೂ ಪರದೆಯನ್ನೂ ಗಮನಿಸಿದಳು. ಕೈ ಎಡಕ್ಕೆ ಹೋಗುತ್ತಿತ್ತು. ಪರದೆ ಒಂದು ಕ್ಷಣ ತಾಳಿ ಎಡಕ್ಕೆ ಹೋಗುತ್ತಿತ್ತು. ಆ ಒಂದು ಕ್ಷಣ ಹಿಂದೆ ನಿಂತು ಪರದೆಯನ್ನಷ್ಟೇ ನೋಡುವವರ ಕಣ್ಣಿಗೆ ಕಾಣುವಂಥದ್ದಲ್ಲ. ಸ್ಟೇರಿಂಗ್ ಹಿಡಿದವರ ಕೈಗೆ ತಟ್ಟನೆ ಗೊತ್ತಾಗುವಂಥದ್ದು. ಅವಳ ಕೈಗೆ ಯಾವ ಲಕ್ವವೂ ಹೊಡೆದಿರಲಿಲ್ಲ. ಆದರೂ ಅದು ತಡಮಾಡುತ್ತಿತ್ತು.

ಸ್ಟೇರಿಂಗ್ ಮೇಲೆ ಹಣೆಯಿಟ್ಟುಕೊಂಡು ಅವಳು ಅತ್ತಳು. ಅಪ್ಪ ಇಷ್ಟು ದಿನ ಹೊದಿಕೆಯೊಳಗೆ ಬೆರಳು ಮಡಚಿ ನೋಡಿಕೊಂಡದ್ದು ಚಿತ್ರ ಸರಿಮಾಡಲೆಂದು ತಾನು ಒತ್ತಿದ ಒಂದು ಗುಂಡಿಯಿಂದ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಓದಲು ಕೂತಳು.

ಓದುತ್ತಾ ಹೋದಂತೆ ವಿಷಯ ಬಿಚ್ಚಿಕೊಂಡಿತು. ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯುತ್ತದೆ, ಪರದೆ ಅದನ್ನು ತೋರಿಸುತ್ತದೆ. ಪರದೆ ತೋರಿಸುವುದು ಒಂದೇ ತಾಳದಲ್ಲಿ. ಕಾರ್ಡಿಗೆ ತಾಳವಿಲ್ಲ. ಬಯಲು ರಸ್ತೆಯಾದರೆ ಬೇಗ ಬೇಗ ಬರೆಯುತ್ತದೆ, ಘಟ್ಟದ ಕಾಡಾದರೆ ನಿಧಾನಿಸುತ್ತದೆ. ಇಬ್ಬರಲ್ಲಿ ಯಾರೂ ಯಾರಿಗೂ ಕಾಯದಿದ್ದರೆ ಪರದೆ ಅರ್ಧ ಹಳೆಯ ಚಿತ್ರವನ್ನೂ ಅರ್ಧ ಹೊಸದನ್ನೂ ಒಟ್ಟಿಗೆ ತೋರಿಸಿಬಿಡುತ್ತದೆ. ಮರ ಕತ್ತರಿಸಿದಂತೆ ಕಾಣುವುದು ಅದಕ್ಕೇ. ವಿ-ಸಿಂಕ್ ಹಾಕಿದರೆ ಕಾರ್ಡ್ ಪರದೆಗಾಗಿ ಕಾಯುತ್ತದೆ. ಚಿತ್ರ ಹರಿಯುವುದಿಲ್ಲ, ಆದರೆ ಬರೆದ ಚಿತ್ರ ತನ್ನ ಸರದಿಗಾಗಿ ನಿಂತಿರುತ್ತದೆ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಕೈ ಮುಂದಕ್ಕೆ ಹೋಗಿರುತ್ತದೆ. ಕಾಡಿನಲ್ಲಿ ಕಾರ್ಡ್ ಒಂದು ತಾಳ ತಪ್ಪಿದರೆ ಮುಂದಿನ ತಾಳದವರೆಗೆ ಕಾಯಬೇಕು. ಘಟ್ಟದಲ್ಲೇ ಅಪ್ಪ ಹೆಚ್ಚಾಗಿ ಬಿದ್ದದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

ವಿ-ಸಿಂಕ್ ತೆಗೆದಳು. ಕೈ ಹಗುರಾಯಿತು. ಆದರೆ ಮರಗಳು ಮತ್ತೆ ಹರಿದವು. ಅಪ್ಪನ ಕಣ್ಣಿಗೆ ಇದು ಆಗದು. ಹಾಕಿದರೆ ಕೈ ಹೋಯಿತು, ತೆಗೆದರೆ ಕಣ್ಣು ಹೋಯಿತು. ಮತ್ತೆ ಓದಿದಳು. ಮೂರನೆಯದೊಂದು ದಾರಿ ಇತ್ತು. ಅದರಲ್ಲಿ ಕಾಯುವುದು ಪರದೆ. ಕಾರ್ಡ್ ಚಿತ್ರ ಮುಗಿಸುವವರೆಗೆ ಅದು ತಾಳಿಕೊಳ್ಳುತ್ತದೆ, ಮುಗಿದ ಕೂಡಲೇ ತೋರಿಸುತ್ತದೆ. ಅದಕ್ಕೆ ಅಡಾಪ್ಟಿವ್ ಸಿಂಕ್ ಎಂದು ಹೆಸರು. ಎಲ್ಲ ಮಾನಿಟರ್‌ಗಳಲ್ಲಿ ಅದು ಇರುವುದಿಲ್ಲ.

ತನ್ನ ಮಾನಿಟರ್‌ನ ಕೆಳಗಿನ ಗುಂಡಿಗಳನ್ನು ಒತ್ತುತ್ತಾ ಹುಡುಕಿದಳು. ಬೆಳಕು, ಬಣ್ಣ, ಭಾಷೆ, ಎಲ್ಲ ದಾಟಿದ ಮೇಲೆ ಅದು ಸಿಕ್ಕಿತು. ಕೊಂಡ ದಿನದಿಂದಲೂ ಆಫ್ ಆಗಿಯೇ ಇತ್ತು. ಅಲ್ಲಿ ಆನ್ ಮಾಡಿದಳು. ಕಾರ್ಡಿನ ಸೆಟ್ಟಿಂಗ್‌ನಲ್ಲೂ ಆನ್ ಮಾಡಿದಳು. ಕಾರ್ಡ್ ಪರದೆಯ ಶಕ್ತಿ ಮೀರಿ ಓಡಿದರೆ ಹಳೆಯ ತೊಂದರೆಯೇ ಮರಳುತ್ತದೆ ಎಂದು ತಿಳಿದು, ಅದರ ವೇಗಕ್ಕೆ ಪರದೆಯ ಮಿತಿಗಿಂತ ತುಸು ಕೆಳಗೆ ಒಂದು ಮಿತಿ ಇಟ್ಟಳು.

ಬಯಲು ಸರಿಯಾಯಿತು. ಘಟ್ಟದಲ್ಲಿ ಚಿತ್ರ ಇನ್ನೂ ತಡವರಿಸುತ್ತಿತ್ತು. ಪರದೆ ಕಾಯುತ್ತದೆ ನಿಜ, ಆದರೆ ಎಷ್ಟಾದರೂ ಕಾಯುತ್ತದೆ ಎಂದಲ್ಲ. ಕಾರ್ಡಿನ ಮೇಲಿನ ಹೊರೆ ಇಳಿಸಬೇಕಿತ್ತು. ಆ ಹೊರೆ ಯಾವುದೆಂದು ಅವಳಿಗೆ ಗೊತ್ತಿತ್ತು. ತಾನೇ ಪ್ರೀತಿಯಿಂದ ಏರಿಸಿದ ಎಲೆಗಳ ನೆರಳು, ದೂರದ ಮಂಜು, ನೀರಿನ ಹೊಳಪು. ಒಂದೊಂದನ್ನೇ ಇಳಿಸಿದಳು. ಪ್ರತಿ ಸಲ ಇಳಿಸಿದಾಗಲೂ ಕುರ್ಚಿಯಲ್ಲಿ ಕೂತು ಅದೇ ತಿರುವನ್ನು ಓಡಿಸಿದಳು. ಕಾಡು ಬೋಳಾಗುತ್ತಾ ಬಂತು. ಅವಳ ಕಣ್ಣಿಗೆ ಅದು ಚಂದ ಕಾಣಲಿಲ್ಲ. ಆದರೆ ಕೈ ಎಲ್ಲಿತ್ತೋ ರಸ್ತೆ ಅಲ್ಲಿತ್ತು.

ಸಂಜೆ ಅಪ್ಪ ಮನೆಗೆ ಬಂದ. ನೀಲಾ ಬಾಗಿಲಲ್ಲೇ ನಿಂತು ಹೇಳಿದಳು:

"ಅಪ್ಪಾ, ತಡ ಮಾಡಿದ್ದು ನಿನ್ನ ಕೈ ಅಲ್ಲ. ನಾ ಹಾಕಿದ್ದ ಸೆಟ್ಟಿಂಗ್ ತಡ ಮಾಡತಿತ್ತು. ಈಗ ಸರಿ ಮಾಡೀನಿ, ಬಾ."

ಫಕೀರಪ್ಪ ಅವಳ ಮುಖ ನೋಡಿದ. ಅತ್ತು ಕೆಂಪಾದ ಕಣ್ಣು ಕಂಡು ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು.

"ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ ಮಗಳ" ಅಂದು ಒಳಗೆ ನಡೆದ.

ನೀಲಾ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಮಾತಿನಿಂದ ಇದು ಆಗುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಸರಿಮಾಡಿದ್ದನ್ನೆಲ್ಲ ಮತ್ತೆ ಕೆಡಿಸಿದಳು. ವಿ-ಸಿಂಕ್ ಹಾಕಿದಳು, ನೆರಳು ಮಂಜು ಎಲ್ಲ ಮೇಲೇರಿಸಿದಳು. ಆಮೇಲೆ ಅವ್ವನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದಳು.

"ನನಗ್ಯಾಕ ಬೇ ಇದು? ಸೈಕಲ್ ಸೈತ ಹೊಡದಾಕಿ ಅಲ್ಲ ನಾ" ಎಂದು ಕಸ್ತೂರವ್ವ ಗಲಾಟೆ ಮಾಡಿದಳು. ಆದರೂ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದಳು. ಗಾಡಿ ಹೊರಟಿತು. ಗೋಡೆಗೆ ಬಡಿಯಿತು. ಅವಳು ಹೋ ಎಂದು ಕೂಗಿದಳು. ಮತ್ತೆ ಹೊರಟಿತು, ಮತ್ತೆ ಬಡಿಯಿತು. ಹೆಂಡತಿಯ ಕೂಗು ಕೇಳಿ ಫಕೀರಪ್ಪ ಕೋಲೂರಿಕೊಂಡು ಬಾಗಿಲಿಗೆ ಬಂದ. ಮೊದಲು ನಗು ಬಂತು. ಆಮೇಲೆ ಅವನ ಮುಖ ಬದಲಾಯಿತು.

ಅವನು ಪರದೆಯನ್ನು ನೋಡುತ್ತಿರಲಿಲ್ಲ. ಹೆಂಡತಿಯ ಕೈ ನೋಡುತ್ತಿದ್ದ. ಕೈ ನೋಡಿ ಪರದೆ ನೋಡಿದ. ಮತ್ತೆ ಕೈ ನೋಡಿದ. ಹತ್ತಿರ ಬಂದ.

"ಇನ್ನೊಮ್ಮೆ ತಿರುಗಿಸು" ಅಂದ.

ಅವಳು ತಿರುಗಿಸಿದಳು.

"ಈ ಕಡೆ ತಿರುಗಿಸು. ನಿಲ್ಲು. ಈಗ ಆ ಕಡೆ."

ಅವಳು ಹೇಳಿದಂತೆ ಮಾಡಿದಳು. ಫಕೀರಪ್ಪ ಬಗ್ಗಿ ಕಿವಿಗೊಟ್ಟು ಎಂಜಿನ್ ಕೇಳುವವನ ಹಾಗೆ ನಿಂತಿದ್ದ. ನಿಧಾನವಾಗಿ ನೆಟ್ಟಗಾದ.

"ಸ್ಟೇರಿಂಗ್‌ದಾಗ ಪ್ಲೇ ಐತಿ" ಅಂದ. "ಕೈ ತಿರುಗಿದ ಮ್ಯಾಲ ಗಾಡಿ ತಿರುಗತೈತಿ. ಇಂಥಾ ಗಾಡಿ ನಾ ಓಡಿಸೀನಿ. ಇದನ್ನ ಘಟ್ಟಕ್ಕ ಒಯ್ಯಬಾರದು."

ಮಗಳ ಕಡೆ ತಿರುಗಿ ಅಂದ:

"ನೀಲಾ, ಇದು ಗಾಡೀದ ದೋಷ ಐತಿ."

"ಹೌದಪಾ" ಅಂದಳು ನೀಲಾ. "ಅದನ್ನ ನಾ ಹೇಳಾಕ ಹತ್ತಿದ್ದು."

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಬೆರಳು ಮಡಚಿದ, ಬಿಚ್ಚಿದ. ಈ ಸಲ ಹೊದಿಕೆಯೊಳಗೆ ಅಲ್ಲ, ಹೆಂಡತಿ ಮಗಳ ಎದುರಿಗೇ. ಆಮೇಲೆ ಹೆಂಡತಿಗೆ "ಏಳು" ಎಂದು ಸನ್ನೆ ಮಾಡಿದ.

ನೀಲಾ ಸೆಟ್ಟಿಂಗ್‌ಗಳನ್ನು ಮತ್ತೆ ಸರಿಮಾಡಿದಳು. ಕಾಡು ಬೋಳಾಯಿತು. ಫಕೀರಪ್ಪನಿಗೆ ಅದು ಬೋಳಾದದ್ದು ಗೊತ್ತೂ ಆಗಲಿಲ್ಲ. ಘಟ್ಟಕ್ಕೆ ಬಂದ. ಮೊದಲ ತಿರುವು ಎದುರಾಯಿತು. ಸೋತ ಕೈ ನಡುಗುತ್ತಲೇ ಸ್ಟೇರಿಂಗ್ ಜಗ್ಗಿತು. ಲಾರಿ ಗೋಡೆಯ ಅಂಚಿಗೆ ಬಂದು, ಗೋಡೆಯನ್ನು ಮುಟ್ಟದೆ ತಿರುಗಿತು. ಎರಡನೆಯ ತಿರುವೂ ದಾಟಿತು. ಇನ್ನೂ ಮುಂದೆ ಒಂದು ಕಡಿದಾದ ತಿರುವಿನಲ್ಲಿ ಕೈ ದಣಿದು ಜಾರಿತು. ಗಾಡಿ ಕಂದಕಕ್ಕೆ ಇಳಿಯಿತು.

ನೀಲಾಳ ಮುಖ ಬಾಡಿತು. ಆದರೆ ಫಕೀರಪ್ಪ ದೊಡ್ಡದಾಗಿ ನಕ್ಕ.

"ಇದು ನಂದ" ಅಂದ. "ಇದು ಮಾತ್ರ ನನ್ನ ಕೈದ ತಪ್ಪು."

ಆ ತಪ್ಪನ್ನು ಅವನು ಎಷ್ಟು ಸಂತೋಷದಿಂದ ಒಪ್ಪಿಕೊಂಡನೆಂದರೆ ಕಸ್ತೂರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತನ್ನದಲ್ಲದ ತಪ್ಪು ತಲೆಯ ಮೇಲಿಂದ ಇಳಿದಿತ್ತು. ತನ್ನದಾದ ತಪ್ಪಿಗೆ ಮಾಡಬೇಕಾದದ್ದು ಅವನಿಗೆ ಗೊತ್ತಿತ್ತು. ಮರುದಿನ ತಾನೇ ಸ್ಪಂಜಿನ ಚೆಂಡು ಕೇಳಿ ತೆಗೆದುಕೊಂಡ. ಆಸ್ಪತ್ರೆಯ ವ್ಯಾಯಾಮಕ್ಕೆ ಹೊರಟ. ದಿನವೂ ಸ್ವಲ್ಪ ಹೊತ್ತು ಘಟ್ಟ ಇಳಿದ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಿದ್ದ. ನಿಜವಾದ ಲಾರಿಯನ್ನು ಅವನು ಮತ್ತೆ ಓಡಿಸಲಿಲ್ಲ. ವೈದ್ಯರು ಬೇಡವೆಂದಿದ್ದರು, ಅವನೂ ಹಟ ಮಾಡಲಿಲ್ಲ. ಆದರೆ ಊಟಕ್ಕೆ ಕೂತಾಗ ಬಲಗೈಯಿಂದಲೇ ರೊಟ್ಟಿ ಮುರಿಯುತ್ತಿದ್ದ. ನೀಲಾ ಆ ಕಂಪ್ಯೂಟರಿನಲ್ಲಿ ಎಲೆಗಳ ನೆರಳನ್ನು ಮತ್ತೆ ಏರಿಸಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ಹೊರಗೆ ಬಸ್ಸಿನ ಸದ್ದಾಯಿತು. ಧರಣೇಂದ್ರನ ಮುಖ ಅರಳಿತ್ತು. ಬೇಕಾದದ್ದು ಸಿಕ್ಕಿತೆಂಬ ಉತ್ಸಾಹದಲ್ಲಿ ಅವನು ಎದ್ದೇ ನಿಂತ.

"ತಿಳಿಯಿತು ಮಾಸ್ತರರೇ. ಹಾಕುವುದೂ ಸರಿಯಲ್ಲ, ತೆಗೆಯುವುದೂ ಸರಿಯಲ್ಲ, ಆ ಮೂರನೆಯದೇ ಸರಿ. ಇವತ್ತೇ ಎಲ್ಲ ಯಂತ್ರಗಳಿಗೂ ಅಡಾಪ್ಟಿವ್ ಸಿಂಕ್ ಹಾಕಿಬಿಡುತ್ತೇನೆ."

ಮಾಸ್ತರರು ಬ್ರಷ್ ಎತ್ತಿಕೊಂಡು ಫ್ಯಾನಿನ ಕಡೆ ತಿರುಗಿದರು.

"ಹಾಕು, ಆದರೆ ನಿನ್ನ ಗಿರಾಕಿಗಳು ಕೂರುವ ಕುರ್ಚಿಗಳಲ್ಲಿ ಇದುವರೆಗೆ ನೀನು ಎಷ್ಟರಲ್ಲಿ ಕೂತು ನೋಡಿದ್ದೀಯ?"

ಧರಣೇಂದ್ರ ಅಂದು ಸೆಂಟರಿಗೆ ಹೋದವನು ಮೊದಲು ಗಿರಾಕಿಯ ಕುರ್ಚಿಯಲ್ಲಿ ಕೂತ.